ಕಲ್ಯಾಣ ಜಂಕ್ಷನ್ನಿನಿಂದ ಎರಡು ದಾರಿ



ಈ ಸಲ ಹಪ್ಪಳ-ಸಂಡಿಗೆಯ ವಿಷಯ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅದು ಮುಂದಿನ ಸಂಚಿಕೆಗೆ ಇರಲಿ. ಸಂಘದ ಯುಗಾದಿ ಕಾರ್ಯಕ್ರಮದ ದಿನ ಊಟದ ಪಂಕ್ತಿಯಲ್ಲಿ ನಡೆದ ಮಾತೊಂದು ನನ್ನ ತಲೆಯಿಂದ ಇಳಿಯಲೊಲ್ಲದು.

ನಮ್ಮ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಹೆಸರು ಬರೆಯುವುದಿಲ್ಲ, ಅವಳ ತಾಯಿಗೆ ಈಗಾಗಲೇ ಸಾಕಷ್ಟು ಸಂಕಟವಿದೆ. ಬಿ.ಕಾಂ. ಮುಗಿಸಿ ಐರೋಲಿಯಲ್ಲಿ ಎರಡು ವರ್ಷ ಲೆಕ್ಕಪತ್ರದ ಕೆಲಸ ಮಾಡಿದ್ದಾಳೆ. ನನ್ನ ಪಕ್ಕ ಕೂತು ಹೋಳಿಗೆ ಮುರಿಯುತ್ತಾ, "ಆಂಟಿ, ನಾನು ಆರು ತಿಂಗಳು ಮೊರಾಕ್ಕೊಗೆ ಹೋಗ್ತಾ ಇದೀನಿ. ಸಹಾರಾ ಮರುಭೂಮಿ ಅಂಚಿನಲ್ಲಿ ಒಂದು ಹಳ್ಳಿ. ವಾಲಂಟಿಯರ್ ಆಗಿ" ಎಂದಳು. ಟಿಕೆಟ್ಟಿನ ಖರ್ಚು ಅವಳದೇ. ಊಟ-ವಸತಿ ಅವರದು. ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಕೆಲಸ.

ಎದುರು ಪಂಕ್ತಿಯಿಂದ ಅವಳ ತಾಯಿ, "ಸೇವೆ ಮಾಡೋಕೆ ಸಮುದ್ರ ದಾಟಬೇಕೇನ್ರಿ? ನೀವಾದ್ರೂ ನಾಕು ಮಾತು ಹೇಳ್ರಿ" ಎಂದರು. ಇಬ್ಬರೂ ನನ್ನ ಮುಖ ನೋಡಿದರು. ನಾನು ಸಾರು ಬಡಿಸುವವರನ್ನು ಕರೆದು ಆ ಕ್ಷಣಕ್ಕೆ ಪಾರಾದೆ. ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಕಲ್ಯಾಣ ಸ್ಟೇಷನ್ನಿನಲ್ಲಿ ಹಳಿಗಳು ಎರಡಾಗಿ ಕವಲೊಡೆಯುವುದನ್ನು ನೀವೆಲ್ಲ ನೋಡಿದ್ದೀರಿ. ಒಂದು ಕಸಾರಾ ಕಡೆಗೆ, ಇನ್ನೊಂದು ಕರ್ಜತ್ ಕಡೆಗೆ. ಕಸಾರಾ ಲೈನು ಹಿಡಿದು ಘಾಟು ಹತ್ತಿ ನಾಸಿಕ ದಾಟಿದರೆ ಮನ್‌ಮಾಡ. ಕರ್ಜತ್ ಲೈನು ಹಿಡಿದರೆ ಪುಣೆ, ಸೊಲ್ಲಾಪುರ, ವಾಡಿ, ರಾಯಚೂರು, ಗುಂತಕಲ್ಲು, ಆಮೇಲೆ ಅನಂತಪುರ. ನಮ್ಮ ಉದ್ಯಾನ್ ಎಕ್ಸ್‌ಪ್ರೆಸ್ಸಿನ ದಾರಿ. ಈ ಎರಡು ದಾರಿಗಳ ಮೇಲೆ ಒಬ್ಬ ಪರದೇಶಿಯ ಬದುಕೆಲ್ಲ ಕಳೆಯಿತು.

ಅವರ ಹೆಸರು ವಿಸೆಂಟೆ ಫೆರರ್. 1920ರಲ್ಲಿ ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ ಹುಟ್ಟಿದವರು. ಹದಿಹರೆಯ ಮುಗಿಯುವ ಮೊದಲೇ ಅಲ್ಲಿನ ಅಂತರ್ಯುದ್ಧದಲ್ಲಿ ಸಿಪಾಯಿಯಾಗಿ, ಆಮೇಲೆ ಜೆಸ್ಯೂಟ್ ಪಂಗಡ ಸೇರಿ, 1952ರಲ್ಲಿ ಮುಂಬಯಿಗೆ ಬಂದು ಇಳಿದರು. ಮನ್‌ಮಾಡದ ಬರಗಾಲದ ಸೀಮೆಯಲ್ಲಿ ಅವರು ಕೈಗೆ ತೆಗೆದುಕೊಂಡ ಕೆಲಸ ಬಾವಿ ತೋಡಿಸುವುದು. ರೈತ ತನ್ನ ಹೊಲದಲ್ಲಿ ತಾನೇ ಬಾವಿ ತೋಡಬೇಕು. ಅಷ್ಟು ದಿನ ಮನೆಯ ಒಲೆ ಉರಿಯಲು ಗೋಧಿ, ಎಣ್ಣೆ ಇವರು ಕೊಡುತ್ತಿದ್ದರು. ಜನ ಹಿಂದೆ ಬಿದ್ದರು. ಜನ ಹಿಂದೆ ಬಿದ್ದವರ ಮೇಲೆ ದೊಡ್ಡವರ ಕಣ್ಣು ಬೀಳುವುದು ಹೊಸದೇನಲ್ಲ; ಮತಾಂತರದ ಶಂಕೆಯೂ ಸೇರಿಕೊಂಡಿತು. 1968ರಲ್ಲಿ ದೇಶ ಬಿಟ್ಟು ಹೋಗುವಂತೆ ಆಜ್ಞೆಯಾಯಿತು. ಅದನ್ನು ವಿರೋಧಿಸಿ ಸಾವಿರಾರು ರೈತರು ಮುಂಬಯಿಯವರೆಗೆ ನಡೆದೇ ಬಂದರು. ಆ ಸುದ್ದಿ ಬರೆಯಲು ಬಂದ ಇಂಗ್ಲಿಷ್ ಪತ್ರಕರ್ತೆ ಆನ್ ಪೆರಿ ಮುಂದೆ ಅವರ ಹೆಂಡತಿಯಾದರು, ಅವರು ಪಾದ್ರಿತನ ಬಿಟ್ಟ ಮೇಲೆ, 1970ರಲ್ಲಿ. (ನಿಮ್ಮ ವಯಸ್ಸಿನವರಿಗೆ ಈ ಭಾಗವೇ ಹೆಚ್ಚು ರುಚಿಸುತ್ತದೆಂದು ಗೊತ್ತು. ನನಗೂ ಅಷ್ಟೇ!)

ಸ್ವಲ್ಪ ಕಾಲ ಸ್ಪೇನಿನಲ್ಲಿದ್ದು 1969ರಲ್ಲಿ ಮರಳಿ ಬಂದಾಗ ಅವರು ಹೋದದ್ದು ಅನಂತಪುರಕ್ಕೆ. ಅಲ್ಲಿ ಕಟ್ಟಿದ್ದು ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್. ಊರಿನವರ ಬಾಯಲ್ಲಿ ಬರೇ ಆರ್.ಡಿ.ಟಿ.

ಇಲ್ಲಿ ನನ್ನ ಕಥೆ ಬರುತ್ತದೆ. ನನ್ನ ತಾಯಿಯ ತವರು ರಾಯದುರ್ಗದ ಸೀಮೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದಾಗ ಬಳ್ಳಾರಿ ಮೈಸೂರಿಗೆ ಬಂತು; ರಾಯದುರ್ಗ, ಆಲೂರು, ಆದವಾನಿ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಹಿರೇಹಾಳು, ಬೊಮ್ಮನಹಾಳು ಎಂಬ ಹೆಸರು ನೋಡಿದರೇ ತಿಳಿಯುತ್ತದೆ, ಅಲ್ಲಿ ಮನೆಯೊಳಗಿನ ಮಾತು ಯಾವುದೆಂದು. ನನ್ನ ಚಿಕ್ಕಮ್ಮ ಇವತ್ತಿಗೂ ಕಣೇಕಲ್ಲಿನ ಹತ್ತಿರದ ಹಳ್ಳಿಯಲ್ಲಿದ್ದಾಳೆ.

ನೈಋತ್ಯ ಮಾರುತ ತಂದ ಮಳೆಯನ್ನು ಪಶ್ಚಿಮ ಘಟ್ಟವೇ ಇಳಿಸಿಕೊಳ್ಳುತ್ತದೆ, ಈಶಾನ್ಯ ಮಾರುತ ಪೂರ್ವ ಕರಾವಳಿಯಿಂದ ಅಲ್ಲಿಗೆ ಬರುವಷ್ಟರಲ್ಲಿ ಸೋತಿರುತ್ತದೆ. ಹಾಗಾಗಿ ಅನಂತಪುರಕ್ಕೆ ವರ್ಷಕ್ಕೆಲ್ಲ ಸಿಗುವುದು ಸುಮಾರು 550 ಮಿ.ಮೀ. ಮಳೆ. ನಮ್ಮ ಠಾಣೆಯಲ್ಲಿ ಜುಲೈ ಒಂದೇ ತಿಂಗಳು ಅದಕ್ಕಿಂತ ಹೆಚ್ಚು ಸುರಿಯುತ್ತದೆ. ಅಲ್ಲಿ ನಮ್ಮ ವೇದಾವತಿ ನದಿ, ಜನರ ಬಾಯಲ್ಲಿ ಹಗರಿ, ಹೆಸರಿಗೆ ಮಾತ್ರ ನದಿ. ಮೇಲ್ಗಡೆ ವಾಣಿವಿಲಾಸ ಸಾಗರ, ಆಮೇಲೆ ಭೈರವಾನಿತಿಪ್ಪದ ಅಣೆಕಟ್ಟು. ಕೆಳಗೆ ಉಳಿದದ್ದು ಮರಳು. ಮುಂಗಾರಿನ ಗಾಳಿ ಎದ್ದಾಗ ಆ ಮರಳು ಪಾತ್ರ ಬಿಟ್ಟು ಹೊಲಗಳಿಗೆ ನಡೆಯುತ್ತದೆ. ನಿಜವಾದ ಮರಳ ದಿಬ್ಬಗಳು, ಗಾಳಿ ಗೆರೆ ಎಳೆದಂಥವು. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ ನನಗೆ ಮರುಭೂಮಿ ಎಂದರೆ ಪದ್ಯದೊಳಗಿನ ವಸ್ತು. ಚಿಕ್ಕಮ್ಮನಿಗೆ ಅದು ಬೆಳಗಿನ ಕಸ. ಶೇಂಗಾ ಬಿತ್ತಿದ ಹೊಲ ಹದಿನೈದು ದಿನದಲ್ಲಿ ಮುಚ್ಚಿಹೋದದ್ದನ್ನು ಅವಳು ನನಗೆ ತೋರಿಸಿದ್ದಾಳೆ. ಆಶ್ಚರ್ಯವೆಂದರೆ, ಅಲ್ಲೇ ಸ್ವಲ್ಪ ದೂರದಲ್ಲಿ ತುಂಗಭದ್ರೆಯ ಮೇಲ್ದಂಡೆ ಕಾಲುವೆಯ ನೀರಿಗೆ ಭತ್ತ ಹಸಿರಾಗಿ ನಿಂತಿರುತ್ತದೆ.

ಆ ಊರಿನಿಂದ ನಾವೆಲ್ಲ ಹೊರಬಿದ್ದೆವು. ಕೆಲವರು ಬಳ್ಳಾರಿಗೆ, ಕೆಲವರು ಬೆಂಗಳೂರಿಗೆ. ನಾನು ಮದುವೆಯಾಗಿ ಡೊಂಬಿವಲಿಗೆ ಬಂದೆ. ಇದರಲ್ಲಿ ತಪ್ಪೇನೂ ಇಲ್ಲ, ಆದರೂ ಕಣೇಕಲ್ಲಿನ ಆಸ್ಪತ್ರೆಯ ಅಂಗಳದಲ್ಲಿ ಮೊದಲ ಸಲ ನಿಂತಾಗ ನನಗೆ ಒಂಥರಾ ನಾಚಿಕೆಯಾಗಿತ್ತು. ಚಿಕ್ಕಮ್ಮನ ಸೊಸೆಯ ಹೆರಿಗೆ ಅಲ್ಲಾಗಿತ್ತು. ಆರ್.ಡಿ.ಟಿ.ಯ ಆಸ್ಪತ್ರೆ. ಇಂಥವೇ ಕಲ್ಯಾಣದುರ್ಗದಲ್ಲಿ, ಬತ್ತಲಪಲ್ಲಿಯಲ್ಲಿ ಇವೆ. ನಮ್ಮವರು ಬಿಟ್ಟುಬಂದ ಸೀಮೆಗೆ ಬಾರ್ಸಿಲೋನಾದವನೊಬ್ಬ 49ನೇ ವಯಸ್ಸಿನಲ್ಲಿ ಬಂದು ಮನೆ ಮಾಡಿದ್ದ. ಅವರ ಮೂವರು ಮಕ್ಕಳು ಅಲ್ಲೇ ಬೆಳೆದರು. ಶಾಲೆ, ಕೆರೆ-ಕಟ್ಟೆ, ಬಡವರಿಗೆ ಮನೆ, ಅದೂ ಹೆಂಗಸರ ಹೆಸರಿನಲ್ಲಿ. 1998ರಲ್ಲಿ ಸ್ಪೇನ್ ಅವರಿಗೆ ಪ್ರಿನ್ಸ್ ಆಫ್ ಆಸ್ಟೂರಿಯಾಸ್ ಪ್ರಶಸ್ತಿ ಕೊಟ್ಟಿತು. 2009ರ ಜೂನ್ 19ರಂದು ತೀರಿಕೊಂಡಾಗ ಸ್ಪೇನಿಗೆ ಒಯ್ಯಲಿಲ್ಲ. ಬತ್ತಲಪಲ್ಲಿಯಲ್ಲೇ ಮಣ್ಣು ಮಾಡಿದರು. ಅಲ್ಲಿಗೆ ಬಂದು ಸರಿಯಾಗಿ 40 ವರ್ಷ.

ಈಗ ಹುಡುಗಿಯ ತಾಯಿಗೆ ಒಂದು ಮಾತು. ಸೇವೆಗೆ ಸಮುದ್ರ ದಾಟಬೇಕೇ ಎಂದಿರಿ. ಫೆರರ್ ಅವರ ಮನೆಯವರೂ ಹಾಗೇ ಎಂದು ತಡೆದಿದ್ದರೆ ನಮ್ಮ ಮೊಮ್ಮಗು ಎಲ್ಲಿ ಹುಟ್ಟುತ್ತಿತ್ತೋ. ಆ ವಾದ ನನಗೆ ಒಪ್ಪಿಗೆಯಿಲ್ಲ, ಕ್ಷಮಿಸಿ.

ಆದರೆ ಹುಡುಗಿಗೂ ಒಂದಿದೆ. ಯುಗಾದಿ ಮುಗಿದ ವಾರ ಚಿಕ್ಕಮ್ಮನಿಗೆ ಫೋನು ಮಾಡಿದಾಗ ಈ ವಿಷಯ ಹೇಳಿದೆ. ಅವಳು ಕೇಳಿದ್ದು ಇಷ್ಟೇ: "ಅಲ್ಲಿ ಹೋಗಿ ಏನು ಮಾಡ್ತಾಳಂತೆ? ಏನು ಕೆಲ್ಸ ಬರ್ತದೆ ಆಕಿಗೆ?" ಇಂಗ್ಲಿಷ್ ಹೇಳಿಕೊಡ್ತಾಳಂತೆ ಎಂದೆ. "ಆರು ತಿಂಗ್ಳಲ್ಲಿ ಹುಡುಗ್ರು ಆಕಿ ಹೆಸ್ರು ಕಲಿಯೋದ್ರಾಗೆ ಆಕಿ ವಾಪಸ್ ಬರ್ತಾಳೆ ಬಿಡು. ಇಲ್ಲೂ ಬರ್ತಾರೆ ಪರದೇಶದವ್ರು. ಫೋಟೋ ತಗೊಂತಾರೆ, ಅಳ್ತಾರೆ, ಹೋಗ್ತಾರೆ. ಪಾಪ, ಒಳ್ಳೆ ಮಂದಿನೇ. ಡಾಕ್ಟ್ರು ಬಂದ್ರೆ ಉಪಯೋಗ ಆಗ್ತದೆ."

ನನಗೆ ಈ ಮಾತು ಸ್ವಲ್ಪ ಕಟುವೆನಿಸಿತು. ಆರು ತಿಂಗಳಿಗೆ ಹೋಗುವವರೆಲ್ಲ 40 ವರ್ಷ ಇರಬೇಕೆಂದರೆ ಯಾರೂ ಮನೆಯಿಂದ ಹೊರಡುವುದೇ ಇಲ್ಲ. ಆದರೂ ಆ ಆರು ತಿಂಗಳನ್ನು ಸೇವೆ ಎಂದು ಕರೆಯಬೇಡವೆಂದು ಹುಡುಗಿಗೆ ಹೇಳಿದೆ. ಊಟ ಹಾಕುವವರು ಅವರು, ನೀರು ಹೊತ್ತು ತರುವವರು ಅವರು, ಬಿಸಿಲಿನಲ್ಲಿ ಹೇಗೆ ಬದುಕಬೇಕೆಂದು ಕಲಿಸುವವರೂ ಅವರೇ. ನೀನು ಅಲ್ಲಿ ಅತಿಥಿ, ಶಿಷ್ಯೆ. ನಿನಗೆ ಚೆನ್ನಾಗಿ ಬರುವುದು ಲೆಕ್ಕ. ಆ ಹಳ್ಳಿಯ ಸಂಸ್ಥೆಗೆ ಲೆಕ್ಕ ಬರೆಯುವವರು ಬೇಕೇ ಎಂದು ಮೊದಲು ಕೇಳು.

ಹುಡುಗಿ ಸಿಟ್ಟಾದಳು. ಎರಡು ದಿನ ಫೋನಿಲ್ಲ. ಮೂರನೇ ದಿನ, "ಆಂಟಿ, ಕೇಳಿದೆ. ಬೇಕಂತೆ. ಹೆಂಗಸರ ಕಂಬಳಿ ನೇಯ್ಗೆಯ ಸೊಸೈಟಿ ಇದೆಯಂತೆ, ಲೆಕ್ಕ ಯಾರಿಗೂ ಬರೋದಿಲ್ಲವಂತೆ" ಎಂದಳು. ಅವಳ ದನಿಯಲ್ಲಿ ಸ್ವಲ್ಪ ಭಯವಿತ್ತು. ಮೊದಲ ಸಲ.

ಅವಳು ಹೊರಡುವುದು ಸೆಪ್ಟೆಂಬರಿನಲ್ಲಿ. ಅದಕ್ಕೆ ಮೊದಲು ಆಷಾಢದಲ್ಲಿ, ಮರಳು ಗಾಳಿ ಬೀಸುವಾಗ, ನಾವಿಬ್ಬರೂ ಹದಿನೈದು ದಿನ ಚಿಕ್ಕಮ್ಮನ ಮನೆಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ಕಲ್ಯಾಣದಲ್ಲಿ ಉದ್ಯಾನ್ ಹತ್ತಿ ಗುಂತಕಲ್ಲಿನಲ್ಲಿ ಇಳಿದು, ಬಳ್ಳಾರಿಯ ಮೇಲೆ ರಾಯದುರ್ಗಕ್ಕೆ. ಹುಡುಗಿಯ ತಾಯಿ ತಾವೂ ಬರುತ್ತೇನೆಂದಿದ್ದಾರೆ, ಮಗಳನ್ನು ಕಾಯುವುದಕ್ಕೋ ಏನೋ. ಚಿಕ್ಕಮ್ಮನಿಗೆ ತಿಳಿಸಿದೆ. ಏನಾದರೂ ತರಬೇಕೇ ಎಂದು ಕೇಳಿದ್ದಕ್ಕೆ, "ಹಳೇ ಕಾಟನ್ ಸೀರೆ ನಾಕು ತಗೊಂಡು ಬಾ. ರಾತ್ರಿ ಮುಖಕ್ಕೆ ಹೊದ್ಕೊಂಡು ಮಲಗೋಕೆ ಬೇಕಾಗ್ತದೆ" ಎಂದಳು.