ನೀರಿನ ನೆರೆಯ ಹೆಣ್ಣುಮಕ್ಕಳು

2022ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ಜರುಗಿದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಜೈನ್ ವಿಶ್ವವಿದ್ಯಾಲಯವು 20 ಚಿನ್ನದ ಪದಕಗಳನ್ನು ಗಳಿಸಿ ಸಮಗ್ರ ಪ್ರಶಸ್ತಿಯನ್ನು ಪಡೆಯಿತು. ಆ ಚಿನ್ನದಲ್ಲಿ ದೊಡ್ಡ ಪಾಲು ಈಜುಕೊಳದಿಂದ ಬಂದುದು. ಅದರಲ್ಲಿ ವಿದ್ಯಾರ್ಥಿನಿಯರು ಗೆದ್ದು ತಂದುದೂ ಸೇರಿತ್ತು. ಇಂತಹ ವಿಜಯ ದೊರೆತಾಗ ವಿಶ್ವವಿದ್ಯಾಲಯದ ಹೆಸರು ಪತ್ರಿಕೆಗಳಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾಗುವುದು ಸಹಜ. ಆದರೆ ಈಜಿನ ತಂಡವನ್ನು ವಿಶ್ವವಿದ್ಯಾಲಯವೇ ಕಟ್ಟುತ್ತದೆ ಎಂಬುದು ಅರ್ಧಸತ್ಯ. ಹದಿನೆಂಟನೆಯ ವಯಸ್ಸಿಗೆ ಕಾಲೇಜಿನ ಮೆಟ್ಟಿಲೇರುವ ಹುಡುಗಿ ಅದಕ್ಕೆ ಎಷ್ಟೋ ವರ್ಷಗಳ ಮೊದಲೇ ನೀರಿಗೆ ಇಳಿದಿರದಿದ್ದರೆ, ಎಂತಹ ನಿಪುಣ ತರಬೇತುದಾರನೂ ಆಕೆಯನ್ನು ರಾಷ್ಟ್ರಮಟ್ಟದ ಸ್ಪರ್ಧೆಗೆ ಅಣಿಗೊಳಿಸಲಾರ.

ನಿಶಾ ಮಿಲೆಟ್ ಅವರ ಬಾಲ್ಯವನ್ನೇ ನೋಡಬಹುದು. ಐದರ ಎಳೆವಯಸ್ಸಿನಲ್ಲಿ ನೀರಿನಲ್ಲಿ ಮುಳುಗಿ ಸಾವಿನ ಅಂಚಿನಿಂದ ಪಾರಾದ ಮಗು ಅದು. ಅಂತಹ ಮಗಳನ್ನು ನೀರಿನ ಬಳಿ ಸುಳಿಯಗೊಡದಿರುವುದು ಹೆತ್ತವರ ಸ್ವಭಾವ. ಆಕೆಯ ತಂದೆ ಹಾಗೆ ಮಾಡಲಿಲ್ಲ. ಮಗಳಿಗೆ ಈಜು ಕಲಿಸಿದರು. ಆ ಹುಡುಗಿ ಮುಂದೆ 1999ರ ಇಂಫಾಲ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 14 ಚಿನ್ನದ ಪದಕಗಳನ್ನು ಗೆದ್ದು, 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದಳು. ಬೆಂಗಳೂರಿನ ಜೈನ್ ಕಾಲೇಜಿನಲ್ಲಿ ಓದಿದ ಶಿಖಾ ಟಂಡನ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಹಾಗೂ 100 ಮೀಟರ್ ಫ್ರೀಸ್ಟೈಲ್ ಎರಡರಲ್ಲಿಯೂ ಸ್ಪರ್ಧಿಸಿದರು. ಬಳಿಕ ಅಮೆರಿಕಕ್ಕೆ ತೆರಳಿ ವಿಜ್ಞಾನದಲ್ಲಿ ಉನ್ನತ ಪದವಿಯನ್ನೂ ಪಡೆದರು. ಆಟದಿಂದ ಓದು ಕೆಡುತ್ತದೆಂದು ಹೇಳುವ ಹಿರಿಯರು ಇದನ್ನು ಗಮನಿಸಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಈಜಿದ ಬೆಂಗಳೂರಿನ ಧಿನಿಧಿ ದೇಸಿಂಗು ಭಾರತದ ತಂಡದಲ್ಲಿಯೇ ಅತ್ಯಂತ ಕಿರಿಯಳು. ಆಗ ಅವಳಿಗೆ ಹದಿನಾಲ್ಕು ವರ್ಷ; ಒಂಬತ್ತನೆಯ ತರಗತಿಯ ಮಕ್ಕಳ ಓರಗೆಯವಳು.

ಮೂವರಿಗೂ ದೊರೆತುದು ಬೆಂಗಳೂರಿನ ಈಜುಕೊಳಗಳ ಆಸರೆ. ಈಜಿನ ಸುದ್ದಿಯಲ್ಲಿ ಆ ನಗರದ ಹೆಸರು ಕೇಳಿಬರುವಷ್ಟು ಯಾದಗಿರಿ, ಶಹಾಪುರ, ಸುರಪುರಗಳ ಹೆಸರು ಕೇಳಿಬರುವುದಿಲ್ಲ. ವಿಚಿತ್ರವೆಂದರೆ, ಬೆಂಗಳೂರಿಗೆ ಹೇಳಿಕೊಳ್ಳುವಂತಹ ನದಿಯೇ ಇಲ್ಲ. ಯಾದಗಿರಿ ಜಿಲ್ಲೆಗೆ ಎರಡು ದೊಡ್ಡ ನದಿಗಳಿವೆ. ಯಾದಗಿರಿ ಪಟ್ಟಣದ ಮಗ್ಗುಲಲ್ಲಿ ಭೀಮೆ ಹರಿಯುತ್ತಾಳೆ. ಸುರಪುರದ ಸೀಮೆಗೆ ಕೃಷ್ಣೆ ಇದ್ದಾಳೆ. ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ಹೊಲಗಳಿಗೆ ನೀರುಣಿಸುತ್ತದೆ. ಇಲ್ಲಿ ಕೊರತೆ ನೀರಿನದಲ್ಲ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಧುಮುಕಿ ಈಜು ಕಲಿಯುವ ಭಾಗ್ಯ ಬಹುಮಟ್ಟಿಗೆ ಗಂಡುಹುಡುಗರದು. ಹೆಣ್ಣುಮಗಳು ಅದೇ ನೀರಿನ ದಡದಲ್ಲಿ ಬಟ್ಟೆ ಒಗೆಯುತ್ತಾಳೆ, ಕೊಡ ತುಂಬುತ್ತಾಳೆ, ಎಮ್ಮೆಗೆ ನೀರು ಕುಡಿಸುತ್ತಾಳೆ. ದಿನಕ್ಕೆ ಎರಡು ಬಾರಿ ನೀರಿನ ಅಂಚಿಗೆ ಹೋಗುವವಳು ಅವಳು. ಈಜು ಬಾರದವಳೂ ಅವಳೇ.

ಆರತಿ ಸಾಹಾ ಅವರ ಉದಾಹರಣೆ ಈ ಊರುಗಳಿಗೆ ಹೆಚ್ಚು ಹತ್ತಿರವಾದುದು. ಕಲ್ಕತ್ತೆಯಲ್ಲಿ ಚಿಕ್ಕಪ್ಪನೊಡನೆ ಹೂಗ್ಲಿ ನದಿಯ ಸ್ನಾನಘಟ್ಟಕ್ಕೆ ಹೋಗುತ್ತಿದ್ದ ಆ ಹುಡುಗಿ ಅಲ್ಲಿಯೇ ಈಜು ಕಲಿತಳು. ಮಗಳ ಒಲವನ್ನು ಕಂಡ ತಂದೆ ಅವಳನ್ನು ಈಜು ಸಂಘಕ್ಕೆ ಸೇರಿಸಿದರು. ಹನ್ನೆರಡು ತುಂಬುವ ಮೊದಲೇ ಅವಳು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋದಳು. 1959ರ ಸೆಪ್ಟೆಂಬರ್ 29ರಂದು ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ ಏಷ್ಯಾದ ಮೊದಲ ಮಹಿಳೆಯೆನಿಸಿದಳು. ಹೂಗ್ಲಿಯ ಘಟ್ಟದಲ್ಲಿ ಆದುದು ಭೀಮೆಯ ದಡದಲ್ಲಿ ಏಕಾಗಬಾರದು?

ನದಿಯಲ್ಲಿ ಕಲಿತರೆ ಸಾಕು ಎಂದಲ್ಲ. ಕಾಲುವೆಯ ಇಳಿಜಾರು ಗೋಡೆ ಪಾಚಿಗಟ್ಟಿದಾಗ ಬಲ್ಲವರಿಗೂ ಹತ್ತಿ ಬರುವುದು ಕಷ್ಟ. ಡೈವಿಂಗ್ ಅಂತೂ ಈಜುಕೊಳವಿಲ್ಲದೆ ಸಾಧ್ಯವೇ ಇಲ್ಲ. 10 ಮೀಟರ್ ಎತ್ತರದ ವೇದಿಕೆಯಿಂದ ಧುಮುಕಿದವರು ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿ ನೀರನ್ನು ತಾಕುತ್ತಾರೆ. ಕೆಳಗೆ ಸುಮಾರು 5 ಮೀಟರ್ ಆಳದ ತಿಳಿನೀರು ಬೇಕು. ತಳದ ಕಲ್ಲು ಕಾಣದ ಬಾವಿಯಲ್ಲಿ ಅದನ್ನು ಕಲಿಸಲಾಗದು.

ತಾಲ್ಲೂಕಿಗೊಂದು ಈಜುಕೊಳ ಕಟ್ಟಿದರೆ ಪದಕ ಬಂದೀತೇ ಎಂದು ಲೆಕ್ಕ ಕೇಳುವವರಿದ್ದಾರೆ. ಬಾರದೆಯೂ ಇರಬಹುದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಗಣನೆಯಂತೆ 2021ರಲ್ಲಿ ಜಗತ್ತಿನಲ್ಲಿ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ಪದಕದ ಲೆಕ್ಕ ಕೇಳುವವರು ಈ ಲೆಕ್ಕವನ್ನೂ ಕೇಳಬೇಕಾಗುತ್ತದೆ. ಕೊಳ ಕಟ್ಟಿದ ಮಾತ್ರಕ್ಕೆ ಹುಡುಗಿಯರು ಬಂದುಬಿಡುವುದಿಲ್ಲ ಎಂಬುದೂ ನಿಜ. ಕಲಿಸಲು ಒಬ್ಬ ಶಿಕ್ಷಕಿ ಬೇಕು; ಬಟ್ಟೆ ಬದಲಿಸಲು ಚಿಲಕವಿರುವ ಕೋಣೆ ಬೇಕು; ಬೆಳಗಿನ ಒಂದು ಗಂಟೆಯನ್ನು ಹುಡುಗಿಯರಿಗೆಂದೇ ಮೀಸಲಿಡಬೇಕು. ಇವಕ್ಕೆ ತಗಲುವ ವೆಚ್ಚ ಕೊಳದ ವೆಚ್ಚದ ಮುಂದೆ ಅತ್ಯಲ್ಪ. ಆದರೂ ಯೋಜನೆಯ ಕಾಗದದಲ್ಲಿ ಮೊದಲು ಬಿಟ್ಟುಹೋಗುವುದು ಇವೇ.