ಹಳೆಯ ಜೋಡಣೆ ಯಂತ್ರದ ಪರೀಕ್ಷೆ

ದೇವರ ಪಟಗಳಿಗೂ ಭಾವಚಿತ್ರಗಳಿಗೂ ಕಟ್ಟು ಹಾಕುವ ಅಂಗಡಿಯೊಂದನ್ನು ಮಗನಿಗೆ ಇಡಿಸಿಕೊಡಬೇಕೆಂದು ನಿಶ್ಚಯಿಸಿರುವ ಗೃಹಿಣಿಯೊಬ್ಬರು, ಕಟ್ಟಿನ ಮೂಲೆಗಳನ್ನು ಜೋಡಿಸುವ ಯಂತ್ರವನ್ನು ಹೊಸದಾಗಿ ಕೊಳ್ಳಲು ಶಕ್ತಿ ಸಾಲದೆ, ಬೇರೊಬ್ಬರು ಉಪಯೋಗಿಸಿದುದನ್ನು ಕೊಳ್ಳಬಹುದೇ ಎಂದು ನಮ್ಮನ್ನು ಕೇಳಿದ್ದಾರೆ. ಹಣಕ್ಕಾಗಿ ಬಳೆಗಳನ್ನು ಅಡವಿಡುವ ಆಲೋಚನೆಯಿದೆಯಂತೆ. ವ್ಯಾಕರಣವನ್ನು ಕಲಿಸಿ ಆಯುಸ್ಸನ್ನು ಕಳೆದ ನಮಗೂ ಮೊಳೆ ಹೊಡೆಯುವ ಯಂತ್ರಕ್ಕೂ ಏನು ಸಂಬಂಧವೆಂದು ವಾಚಕರು ನಗಬಹುದು. ಸಂಧಿಪ್ರಕರಣವನ್ನು ನಾವು ಮೂವತ್ತು ವರ್ಷ ಬೋಧಿಸಿದವರು. ಎರಡು ಕೂಡುವ ಕಡೆಯಲ್ಲಿ ಎಡೆ ಕಾಣಬಾರದೆಂಬ ನಿಯಮವು ಅಕ್ಷರಕ್ಕೂ ಮರಕ್ಕೂ ಒಂದೇ. ಅಲ್ಲದೆ ನಿವೃತ್ತರಾದಂದಿನಿಂದ ಸಾಯಂಕಾಲಗಳನ್ನು ಹಳೆಯ ಶಿಷ್ಯನೊಬ್ಬನ ಕಟ್ಟಿನ ಅಂಗಡಿಯಲ್ಲಿ ಕಳೆಯುವ ರೂಢಿಯೂ ನಮಗುಂಟು.

ರವಿವರ್ಮನ ಮುದ್ರಣಾಲಯವು 1894ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ, ಲಕ್ಷ್ಮೀ ಸರಸ್ವತಿಯರ ಬಣ್ಣದ ಪಟಗಳು ಸಾಮಾನ್ಯರ ಮನೆಗಳಿಗೂ ಬಂದುವಷ್ಟೆ. ಆ ಪಟಗಳ ಹಳೆಯ ಕಟ್ಟುಗಳನ್ನು ನೋಡಿದರೆ ಮೂಲೆಯ ಪಕ್ಕದಲ್ಲಿ ಸಣ್ಣ ಮೊಳೆಗಳನ್ನು ಸುತ್ತಿಗೆಯಿಂದ ಹೊಡೆದು, ಗುಂಡಿಯನ್ನು ಮೇಣದಿಂದಲೋ ಲಪ್ಪದಿಂದಲೋ ಮುಚ್ಚಿರುವುದು ಕಾಣುತ್ತದೆ. ಈಗಿನ ಯಂತ್ರದ ಕ್ರಮ ಬೇರೆ. ನಲವತ್ತೈದು ಅಂಶಕ್ಕೆ ಓರೆಯಾಗಿ ಕೊಯ್ದ ಎರಡು ಪಟ್ಟಿಗಳಿಗೆ ಅಂಟು ಸವರಿ, ಮೂಲೆಗೆ ಒರಗಿಸಿ, ಮೇಲಿನಿಂದ ರಬ್ಬರಿನ ಒತ್ತುಗೆಯಿಂದ ಅದುಮಿದ ಬಳಿಕ, ಉಕ್ಕಿನ ನಾಲಗೆಯೊಂದು ಇಂಗ್ಲಿಷಿನ ‘ವಿ’ ಅಕ್ಷರದಾಕಾರದ ಮೊಳೆಯನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. ಮೊಳೆಯ ಎರಡು ರೆಕ್ಕೆಗಳೂ ಎರಡು ಪಟ್ಟಿಗಳನ್ನು ಹಿಡಿದು ಒಂದರ ಕಡೆಗೊಂದನ್ನು ಎಳೆಯುತ್ತವೆ. ಕಾಲಿನಿಂದ ತುಳಿಯುವ ಯಂತ್ರಗಳೂ ಉಂಟು, ಗಾಳಿಯ ಒತ್ತಡದಿಂದ ನಡೆಯುವುವೂ ಉಂಟು. ಸಂಧಿಗೆ ಬಲವನ್ನು ಕೊಡುವುದರಲ್ಲಿ ಅಂಟಿನ ಪಾಲೇ ಹೆಚ್ಚು. ಅದು ಒಣಗುವವರೆಗೆ ಅಲುಗದಂತೆ ಹಿಡಿದಿರುವುದು ಮೊಳೆಯ ಮುಖ್ಯ ಕೆಲಸ.

ಇಷ್ಟನ್ನು ತಿಳಿದರೆ ಪರೀಕ್ಷೆಯ ಮಾರ್ಗ ತಾನಾಗಿ ಹೊಳೆಯುತ್ತದೆ. ಯಂತ್ರವನ್ನು ನೋಡಬಾರದು, ಅದು ಮಾಡಿದ ಮೂಲೆಯನ್ನು ನೋಡಬೇಕು. ಹೊಸ ಬಣ್ಣ ಬಳಿದು ಹೊಳೆಯುವ ಯಂತ್ರವನ್ನು ಕಂಡರೆ ನಮಗೆ ಮೊದಲು ಬರುವುದು ಸಂಶಯ. ಕೊಳ್ಳಹೋಗುವವನು ಅಂಗಡಿಯವರು ಬೀಡಿಂಗ್ ಎನ್ನುವ ಪಟ್ಟಿಯನ್ನು ತಾನೇ ಒಯ್ಯತಕ್ಕದ್ದು. ಮೆದು ಮರದ್ದೊಂದು, ಗಟ್ಟಿ ಮರದ್ದೊಂದು, ಪ್ಲಾಸ್ಟಿಕಿನದೊಂದು ಇದ್ದರೆ ಉತ್ತಮ. ಪಟ್ಟಿಗಳನ್ನು ನಂಬಿಕೆಯ ಅಂಗಡಿಯಲ್ಲಿ ಸರಿಯಾಗಿ ಕೊಯ್ಯಿಸಿಕೊಂಡು ಹೋಗಬೇಕು. ಏಕೆಂದರೆ ಒಂದು ಕಟ್ಟಿಗೆ ಎಂಟು ಕೊಯ್ತಗಳಾಗುತ್ತವೆ. ಪ್ರತಿಯೊಂದರಲ್ಲಿಯೂ ಅರ್ಧ ಅಂಶ ತಪ್ಪಿದರೆ, ಮೂರು ಮೂಲೆಗಳನ್ನು ಕೂಡಿಸಿ ನಾಲ್ಕನೆಯದಕ್ಕೆ ಬರುವಾಗ ನಾಲ್ಕು ಅಂಶದ ಎಡೆ ಬಾಯಿಬಿಡುತ್ತದೆ. ಆ ದೋಷ ಕೊಯ್ಯುವ ಯಂತ್ರದ್ದು. ಜೋಡಿಸುವ ಯಂತ್ರದ ಮೇಲೆ ಅದನ್ನು ಹೊರಿಸುವುದು ಅನ್ಯಾಯ. ಹಾಗೆಯೇ ಮಾರುವವನು ತನ್ನ ಯಂತ್ರದ ದೋಷವನ್ನು ನಿಮ್ಮ ಕೊಯ್ತದ ಮೇಲೆ ಹೊರಿಸುವುದಕ್ಕೂ ಅವಕಾಶವಿರಬಾರದು.

ಮೂಲೆ ಸಿದ್ಧವಾದ ಮೇಲೆ ಮೂಲೆಮಟ್ಟವನ್ನು ಒಳಗಿಟ್ಟು ನೋಡಿ. ಬಳಿಕ ಕಟ್ಟನ್ನು ಮಗುಚಿರಿ. ಮೊಳೆ ಮರದ ಮೈಗೆ ಸಮನಾಗಿ ಇಳಿದಿದೆಯೆ? ಹೊರಗೆ ಉಳಿದಿದ್ದರೆ ನಾಲಗೆ ಸವೆದಿರಬೇಕು, ಇಲ್ಲವೆ ಒತ್ತಡ ಸಾಲದು, ಅಥವಾ ಮರದ ಗಡಸಿಗೆ ತಕ್ಕ ಮೊಳೆಯಲ್ಲ. ಮೆದು ಮರಕ್ಕೂ ಗಟ್ಟಿ ಮರಕ್ಕೂ ಬೇರೆ ಬೇರೆ ಮೊಳೆಗಳುಂಟು. ಮೊಳೆ ಓರೆಯಾಗಿ ಏರಿದ್ದರೆ ಅದು ಹೊರಡುವ ದಾರಿಯೇ ಸವೆದಿರಬಹುದು. ಕೆಳಗೆ ಕೂಡಿ ಮೇಲೆ ಎಡೆ ಬಿಟ್ಟಿದ್ದರೆ ಒರಗುಹಲಗೆಗಳನ್ನೂ ಮೇಲಿನ ಒತ್ತುಗೆಯನ್ನೂ ಸರಿಪಡಿಸಲು ಹೇಳಿ, ಇನ್ನೊಂದು ಮೂಲೆಯನ್ನು ಮಾಡಿಸಿ ನೋಡಿ. ಅದೂ ಹಾಗೆಯೇ ಆದರೆ ನಮಸ್ಕಾರ ಹೇಳಿ ಬರುವುದು ಲೇಸು. ದಪ್ಪ ಪಟ್ಟಿಯಾದರೆ ಒಂದರ ಮೇಲೊಂದು ಎರಡು ಮೊಳೆಗಳನ್ನು ಏರಿಸಬೇಕಾಗುತ್ತದೆ. ಆ ಎರಡೂ ಒಂದೇ ಸಾಲಿನಲ್ಲಿ ಏರುವುವೋ ಇಲ್ಲವೋ ನೋಡಿದರೆ ಯಂತ್ರದ ವಯಸ್ಸು ತಿಳಿಯುತ್ತದೆ. ಮಾರುವವನು ಹೇಳುವ ವಯಸ್ಸಿಗಿಂತ ಇದು ಹೆಚ್ಚು ಪ್ರಮಾಣ.

ನಮ್ಮ ಶಿಷ್ಯನು ಹೀಗೊಂದು ಯಂತ್ರವನ್ನು ನೋಡಿ ಬಂದಿದ್ದನು. ಮೂಲೆಗಳೇನೋ ಚೆನ್ನಾಗಿ ಕೂಡಿದವು. ಆದರೆ ಅದು ವಿದೇಶದ್ದು. ಅದಕ್ಕೆ ಹಿಡಿಯುವ ಮೊಳೆ ಅವನ ಊರಿನ ಯಾವ ಅಂಗಡಿಯಲ್ಲಿಯೂ ದೊರೆಯಲಿಲ್ಲ. ಬಿಟ್ಟು ಬಂದು, ದೇಶದಲ್ಲಿಯೇ ತಯಾರಾದ ಒರಟಾದ ಕಾಲ್ತುಳಿತದ ಯಂತ್ರವನ್ನು ಕೊಂಡನು. ಈಗಲೂ ಅದರಿಂದಲೇ ಅವನ ಸಂಸಾರ ನಡೆಯುತ್ತಿದೆ. ಆದುದರಿಂದ ಬೆಲೆಯನ್ನು ಕೇಳುವ ಮೊದಲು ಮೊಳೆಯನ್ನೂ ನಾಲಗೆಯನ್ನೂ ಎಲ್ಲಿ ಕೊಳ್ಳುವಿರೆಂದು ಕೇಳಿ.

ಕೊಂಡ ಮೇಲೆ ಮನಸ್ಸು ಹಿಂದೆ ಸರಿಯುವುದಕ್ಕೆ ನಮ್ಮ ಶಾಸ್ತ್ರಕಾರರು ಅನುಶಯವೆನ್ನುತ್ತಾರೆ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ವರ್ತಕರಿಗೆ ಒಂದು ರಾತ್ರಿ, ಬೇಸಾಯಗಾರರಿಗೆ ಮೂರು, ಗೋಪಾಲಕರಿಗೆ ಐದು ರಾತ್ರಿಗಳ ಅವಕಾಶವನ್ನು ವಿಧಿಸಿದ್ದಾನೆ. ಮನುಸ್ಮೃತಿಯಲ್ಲಿ ಹತ್ತು ದಿನಗಳಿವೆ. ಈಗಿನ ಕಾಯಿದೆಯಲ್ಲಿ, ಎಂದರೆ 1930ರ ಸರಕು ಮಾರಾಟದ ಕಾಯಿದೆಯಲ್ಲಿ, ಸರಕಿನ ಗುಣಕ್ಕೆ ಮಾರುವವನು ಸಾಮಾನ್ಯವಾಗಿ ಹೊಣೆಯಲ್ಲ. ವ್ಯಾಪಾರಿಯಿಂದ ಕೊಂಡಾಗ ದೊರೆಯುವ ರಕ್ಷಣೆ ಕೂಡ, ಕೊಳ್ಳುವವನು ಪರೀಕ್ಷಿಸಿದ್ದಲ್ಲಿ ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಗಳಿಗೆ ಸಲ್ಲದು. ಆದುದರಿಂದ ಮೂರು ದಿನ ಮನೆಯಲ್ಲಿ ನಡೆಸಿ ನೋಡುವ ಕರಾರನ್ನು ಕಾಗದದಲ್ಲಿ ಬರೆಯಿಸಿಕೊಂಡು, ಹಣದ ಒಂದು ಭಾಗವನ್ನು ಅಲ್ಲಿಯವರೆಗೆ ಉಳಿಸಿಕೊಳ್ಳಿರೆಂದು ಬಳೆಗಳ ತಾಯಿಯವರಿಗೆ ನಮ್ಮ ವಿಜ್ಞಾಪನೆ. ಒಪ್ಪದ ಮಾರಾಟಗಾರನಿದ್ದರೆ ಬಳೆಗಳು ಕೈಯಲ್ಲಿಯೇ ಇರಲಿ.

ಮಾರುವವರಿಗೂ ಒಂದು ಮಾತು. ಕಸುಬುದಾರನು ತೀರಿಕೊಂಡ ಮನೆಯಲ್ಲಿ ಹೆಂಗಸರು ಯಂತ್ರವನ್ನು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಡುವುದನ್ನು ನಾವು ಕಂಡಿದ್ದೇವೆ. ಮಕ್ಕಳ ಅನ್ನವನ್ನು ತೂಕ ಹಾಕಿ ಕೊಟ್ಟಂತಾಯಿತು. ಉಳಿದ ಮೊಳೆಯ ಪೆಟ್ಟಿಗೆಗಳು, ಬಿಗಿಮಾಡುವ ಕೀಲಿಗಳು, ಕೊಂಡ ರಸೀತಿ, ಸೂಚನೆಯ ಪುಸ್ತಕ, ಇವೆಲ್ಲವನ್ನೂ ಒಂದು ಗಂಟಿನಲ್ಲಿಟ್ಟು, ಬೇರೊಬ್ಬ ಕಟ್ಟಿನವನನ್ನು ಕರೆಸಿ ಬೆಲೆ ಕಟ್ಟಿಸಬೇಕು. ಇರುವ ದೋಷವನ್ನು ಮೊದಲೇ ಹೇಳಿಬಿಟ್ಟರೆ ಬೆಲೆ ಕೊಂಚ ಇಳಿದೀತು; ಆದರೆ ಮಾರಿದ ಮೇಲೆ ಜಗಳಕ್ಕೆ ಎಡೆಯಿರದು.

ಇನ್ನು ಪಾಲನೆ. ಯಂತ್ರವನ್ನು ಕೆಡಿಸುವುದು ಬಹುಮಟ್ಟಿಗೆ ಅಂಟು. ಹಸಿಯಿರುವಾಗಲೇ ಒದ್ದೆ ಬಟ್ಟೆಯಿಂದ ಒರಸಿದರೆ ಹೋಗುತ್ತದೆ. ಒಣಗಿದ ಮೇಲೆ ಕೆರೆಯಬೇಕು. ಮೊಳೆ ಹಾಯುವ ದಾರಿಗೆ ಎಣ್ಣೆ ಸುರಿಯುವ ಚಪಲ ಕೆಲವರಿಗುಂಟು. ಮರದ ಹುಡಿ ಅದರಲ್ಲಿ ಸೇರಿ ಕೆಸರಾಗಿ ಮೊಳೆ ಸಿಕ್ಕಿಕೊಳ್ಳುತ್ತದೆ. ತಯಾರಕರು ಹೇಳಿದ ಕೀಲುಗಳಿಗೆ ಮಾತ್ರ ಎಣ್ಣೆ ಹಾಕತಕ್ಕದ್ದು. ಸಿಕ್ಕಿದ ಮೊಳೆಯನ್ನು ತೆಗೆಯುವ ಮೊದಲು ಗಾಳಿಯ ಕೊಳವೆಯನ್ನು ಕಳಚಲೇಬೇಕು, ಇಲ್ಲವಾದರೆ ಬೆರಳು ಹೋದೀತು. ಈ ವಿಷಯದಲ್ಲಿ ಅವಸರದ ಹುಡುಗರನ್ನು ನಾವು ಎಷ್ಟು ಗದರಿಸಿದರೂ ಕಡಮೆಯೇ. ಗಾಳಿಯಂತ್ರದ ತೊಟ್ಟಿಯಲ್ಲಿ ನೀರು ಕೂಡುತ್ತದೆ. ಅದನ್ನು ಪ್ರತಿದಿನವೂ ಹೊರಬಿಡಬೇಕು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಗಾಲದಲ್ಲಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ.