ಆಟದ ಮೈದಾನಕ್ಕೆ ಹುಲ್ಲು ಬೇಕು, ಬೀಗ ಬೇಡ

ಮಗುವಿಗೆ ಹಸಿವಿಲ್ಲ, ಮೈ ಬರುತ್ತಿದೆ, ರಾತ್ರಿ ಬೇಗ ಮಲಗುವುದಿಲ್ಲ, ಒಂದು ಟಾನಿಕ್ ಬರೆದುಕೊಡಿ ಎಂದು ಕೇಳುವ ತಂದೆತಾಯಿಗಳು ಬಹಳ. ಸಂಜೆ ಎಲ್ಲಿ ಆಡುತ್ತಾನೆ ಎಂದು ತಿರುಗಿ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: 'ಮೈದಾನ ಇದೆ ಡಾಕ್ಟ್ರೇ, ಆದರೆ ಬರೀ ಧೂಳು, ಕಲ್ಲು. ಕಳಿಸೋಕೆ ಭಯ.'

ಈ ಭಯದಲ್ಲಿ ಹುರುಳಿದೆ. ಆದರೆ ಮಗುವನ್ನು ಟಿ.ವಿ., ಮೊಬೈಲ್ ಮುಂದೆ ಕೂರಿಸುವುದು ಅದಕ್ಕೆ ಮದ್ದಲ್ಲ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಆಟ ಅಥವಾ ವ್ಯಾಯಾಮ ಬೇಕು, ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮನೆಯ ಮುಂದೆ ಅಂಗಳವೇ ಇಲ್ಲದ ನಮ್ಮ ಬಡಾವಣೆಗಳಲ್ಲಿ ಈ 60 ನಿಮಿಷ ಸಿಗುವುದು ಸಾರ್ವಜನಿಕ ಮೈದಾನದಲ್ಲಿ ಮಾತ್ರ. ಆದ್ದರಿಂದ ಅಲ್ಲಿ ಹುಲ್ಲಿದೆಯೇ ಎಂಬುದು ಬರೀ ಅಂದಚೆಂದದ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆ.

ಮೈದಾನ ಬೋಳಾಗುವುದು ಮಕ್ಕಳ ಕಾಲಿನಿಂದಷ್ಟೇ ಅಲ್ಲ. ವಸ್ತುಪ್ರದರ್ಶನ, ಸಭೆ, ಪಟಾಕಿ ಅಂಗಡಿ ಎಂದು ಲಾರಿಗಳು ಒಳಗೆ ಓಡಾಡುತ್ತವೆ. ಮಣ್ಣು ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ನೀರು ಇಂಗುವುದಿಲ್ಲ, ಬೇರು ಇಳಿಯುವುದಿಲ್ಲ. ಪೆಂಡಾಲಿನ ಗುಂಡಿ, ಮೊಳೆ, ತಂತಿ ಅಲ್ಲೇ ಉಳಿಯುತ್ತವೆ. ಬೇಸಿಗೆಯ ಧೂಳಿಗೆ ಅಸ್ತಮಾ ಇರುವವರ ಉಬ್ಬಸ ಕೆರಳುತ್ತದೆ. ಖಾಲಿ ಬಿದ್ದ ಅಂಚುಗಳಲ್ಲಿ ಪಾರ್ಥೇನಿಯಂ ಬೆಳೆದು ಚರ್ಮದ ತುರಿಕೆ, ಸೀನು ತರುತ್ತದೆ. ಎಸೆದ ಎಳನೀರು ಬುರುಡೆ, ಪ್ಲಾಸ್ಟಿಕ್ ಲೋಟಗಳಲ್ಲಿ ಮಳೆನೀರು ನಿಂತರೆ ಡೆಂಗಿ ಹರಡುವ ಸೊಳ್ಳೆಗೆ ಅದೇ ತೊಟ್ಟಿಲು.

ಹುಲ್ಲು ಮರಳಿ ಬೆಳೆಸುವುದು ಕಷ್ಟದ ಕೆಲಸವಲ್ಲ. ದುಬಾರಿ ಲಾನ್ ಬೇಕಿಲ್ಲ. ಗಣೇಶನ ಪೂಜೆಗೆ ಕೀಳುವ ನಮ್ಮ ಗರಿಕೆಯೇ ಸಾಕು. ಅದು ಬಿಸಿಲು, ತುಳಿತ ಎರಡನ್ನೂ ತಾಳುತ್ತದೆ. ನೆಲದ ಮೇಲೆ ಹಬ್ಬಿ ಮಣ್ಣನ್ನು ಹಿಡಿದಿಡುತ್ತದೆ. ಮಳೆಗಾಲಕ್ಕೆ ಮುಂಚೆ ಕಲ್ಲು, ಗಾಜು, ಮೊಳೆ ಆರಿಸಿ ತೆಗೆದು ನೆಲವನ್ನು ಆರೇಳು ಅಂಗುಲ ಸಡಿಲಿಸಬೇಕು. ನೀರು ನಿಲ್ಲದಂತೆ ಮಟ್ಟ ಮಾಡಿ, ಚೆನ್ನಾಗಿ ಕೊಳೆತ ಗೊಬ್ಬರ ಬೆರೆಸಬೇಕು. ಹಸಿ ಸಗಣಿ ಬೇಡ. ಮೊದಲ ಮಳೆ ಬಿದ್ದ ಮೇಲೆ ಗರಿಕೆಯ ಬೇರುಸಹಿತ ತುಂಡುಗಳನ್ನು ನಾಲ್ಕೈದು ಅಂಗುಲಕ್ಕೊಂದರಂತೆ ನೆಟ್ಟು, ಎರಡು ಮೂರು ತಿಂಗಳು ಆ ಜಾಗಕ್ಕೆ ವಿಶ್ರಾಂತಿ ಕೊಡಬೇಕು. ಇಡೀ ಮೈದಾನ ಮುಚ್ಚುವುದು ಬೇಡ. ಈ ವರ್ಷ ಅರ್ಧ, ಮುಂದಿನ ವರ್ಷ ಇನ್ನರ್ಧ ಮಾಡಿದರೆ ಮಕ್ಕಳ ಆಟ ನಿಲ್ಲುವುದಿಲ್ಲ.

ಒಂದು ಮಾತು ನೆನಪಿರಲಿ. ಉಯ್ಯಾಲೆ, ಜಾರುಬಂಡೆಗಳ ಕೆಳಗೆ ಹುಲ್ಲು ಸಾಲದು. ಅಲ್ಲಿ ತುಳಿತ ಹೆಚ್ಚಾಗಿ ಗಟ್ಟಿ ನೆಲ ಬೇಗ ಮೇಲೇಳುತ್ತದೆ. ತಲೆಗೆ ಪೆಟ್ಟಾಗುವ ಅಪಾಯವೂ ಅಲ್ಲೇ ಹೆಚ್ಚು. ಅಲ್ಲಿ ಕನಿಷ್ಠ 9 ಅಂಗುಲ ಸಡಿಲ ಮರಳು ಹಾಕಿ, ಆಗಾಗ ಕೆದಕಿ ಸಮ ಮಾಡುತ್ತಿರಬೇಕು. ಕಾಂಕ್ರೀಟು, ಟೈಲ್ಸ್ ಖಂಡಿತ ಬೇಡ.

ಸುರಕ್ಷತೆ ನೆಲಕ್ಕೆ ಮುಗಿಯುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮಲ್ಲೇಶ್ವರದ ಆಟದ ಮೈದಾನವೊಂದರಲ್ಲಿ ಕಬ್ಬಿಣದ ಗೇಟು ಮೇಲೆ ಬಿದ್ದು ಪುಟ್ಟ ಬಾಲಕನೊಬ್ಬ ಪ್ರಾಣ ಕಳೆದುಕೊಂಡ. ಆಡಲು ಹೋದ ಮಗು ಮನೆಗೆ ಬರಲಿಲ್ಲ ಎನ್ನುವುದಕ್ಕಿಂತ ದೊಡ್ಡ ನೋವು ಯಾವ ಮನೆಗೂ ಇಲ್ಲ. ಗೇಟಿನ ತಿರುಗಣಿ, ದೀಪದ ಕಂಬದ ತಂತಿ, ಉಯ್ಯಾಲೆಯ ಸರಪಳಿ, ನೀರಿನ ಸಂಪಿನ ಮುಚ್ಚಳ, ಒಣಗಿದ ಕೊಂಬೆ: ಈ ಐದನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ ಪುಸ್ತಕದಲ್ಲಿ ಸಹಿ ಮಾಡುವ ಒಬ್ಬ ಜವಾಬ್ದಾರ ಮನುಷ್ಯ ಪ್ರತಿ ಮೈದಾನಕ್ಕೂ ಇರಬೇಕು.

ಇನ್ನು ಮನೆಯವರು ಮಾಡಬೇಕಾದದ್ದು:

* ಧನುರ್ವಾಯುವಿನ ಬೀಜಾಣುಗಳು ಮಣ್ಣಿನಲ್ಲೇ ಇರುತ್ತವೆ. 5–6 ವರ್ಷದ ಡಿ.ಪಿ.ಟಿ., 10 ಮತ್ತು 16 ವರ್ಷದ ಟಿ.ಡಿ. ಚುಚ್ಚುಮದ್ದು ತಪ್ಪಿಸಬೇಡಿ.
* ತರಚು ಗಾಯವಾದರೆ ಸೋಪು, ನೀರಿನಿಂದ ತೊಳೆಯಿರಿ. ಮಣ್ಣು, ಸುಣ್ಣ, ಕಾಫಿಪುಡಿ ಮೆತ್ತಬೇಡಿ.
* ನಾಯಿ ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಬನ್ನಿ.
* ಬಿದ್ದು ತಲೆಗೆ ಪೆಟ್ಟಾದ ಮಗು ಪದೇಪದೇ ವಾಂತಿ ಮಾಡಿದರೆ, ಮಂಪರಿಗೆ ಜಾರಿದರೆ, ಫಿಟ್ಸ್ ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ.

ಅಪಘಾತವಾದಾಗಲೆಲ್ಲ ಮೈದಾನಕ್ಕೆ ಬೀಗ ಜಡಿಯುವುದು ಅಧಿಕಾರಿಗಳಿಗೆ ಸುಲಭದ ದಾರಿ. ಹುಲ್ಲು ಬೆಳೆಸಿ 'ಹುಲ್ಲಿನ ಮೇಲೆ ನಡೆಯಬಾರದು' ಎಂದು ಫಲಕ ತೂಗುಹಾಕುವುದು ಇನ್ನೊಂದು ದಾರಿ. ಎರಡರಿಂದಲೂ ಮಕ್ಕಳಿಗೆ ಲಾಭವಿಲ್ಲ. ಆಡುವ ಜಾಗದ ಹುಲ್ಲು ತುಳಿಯುವುದಕ್ಕೇ ಇರುವುದು. ಸವೆದರೆ ಮತ್ತೆ ನೆಡೋಣ.

ಉದ್ಯಾನ, ಆಟದ ಮೈದಾನಗಳನ್ನು ಕಾಪಾಡಲು ಕರ್ನಾಟಕದಲ್ಲಿ 1985ರಲ್ಲೇ ಕಾಯಿದೆ ಬಂದಿದೆ. ಅವು ಮಾರಿಕೊಳ್ಳುವ ಆಸ್ತಿಯಲ್ಲ, ಸುಸ್ಥಿತಿಯಲ್ಲಿಡುವ ಹೊಣೆ ಸ್ಥಳೀಯ ಸಂಸ್ಥೆಗಳದು ಎಂಬುದು ಅದರ ಆಶಯ. ಈ ಮಾತನ್ನು ಹತ್ತು ಮನೆಯವರು ಸೇರಿ, ಸಹಿ ಹಾಕಿ, ನಗರಸಭೆಗೆ ಬರೆದು ನೆನಪಿಸಬೇಕು. ಮೇ ತಿಂಗಳಲ್ಲಿ ಬರೆದರೆ ಮೊದಲ ಮಳೆಗೆ ಗರಿಕೆ ನೆಡಬಹುದು. ದಸರಾ ರಜೆಯ ಹೊತ್ತಿಗೆ ಮಕ್ಕಳು ಅದರ ಮೇಲೆ ಓಡಬಹುದು.